ಖಾಲಿ ಕುರ್ಚಿಯ ಎದುರಿನ ಆಟ

ಪರದೆಯ ಮೇಲಿನ ಇಸ್ಪೀಟು ಮೇಜಿನ ಒಂಬತ್ತು ಕುರ್ಚಿಗಳಲ್ಲಿ ಎಂಟು ತುಂಬಿದ್ದವು. ಕೊನೆಯದು ತುಂಬಲೆಂದು ಕಾಯುತ್ತ ತೌನೊ ಕಿವೆಲ ಕಾಫಿ ಬಟ್ಟಲನ್ನು ತುಟಿಗಿಟ್ಟುಕೊಳ್ಳುವಷ್ಟರಲ್ಲಿ, ಪರದೆಯ ಮೇಲೆ ತನ್ನ ನೇರ ಎದುರಿಗೆ ಸತ್ತವನ ಹೆಸರು ಬಂದು ಕೂತಿತು. ಹೌಕಿ44. ಹೌಕಿ ಅಂದರೆ ಅವರ ಮನೆಮಾತಿನಲ್ಲಿ ಕೆಸರಿನ ಬಳಿ ಅಲುಗದೆ ಬಿದ್ದಿದ್ದು ಹತ್ತಿರ ಬಂದದ್ದನ್ನು ಒಂದೇ ಸಲಕ್ಕೆ ಹಿಡಿಯುವ ಮೀನು. ನಲವತ್ತನಾಲ್ಕು ಗೆಳೆಯ ರೇಯೊ ಹುಟ್ಟಿದ ವರ್ಷ. ಆ ಹೆಸರಿನ ಕೆಳಗೆ, ಎಲ್ಲರಿಗೂ ಇದ್ದಂತೆ, ಸಾವಿರದ ಐನೂರು ಬಿಲ್ಲೆ. ಎಲೆ ಹಂಚಿಕೆ ಆಗಲೇ ಶುರುವಾಗಿತ್ತು. ತೌನೊ ಬಟ್ಟಲನ್ನು ಕೆಳಗಿಟ್ಟ. ಗುರುವಾರ, ಬೆಳಗಿನ ಹತ್ತೂ ಹತ್ತು, ಮಾರ್ಚ್ ತಿಂಗಳು. ಹೆಂಡತಿ ಡೊರೀನ್ ಆಗತಾನೆ ಶಾಲೆಯ ಕೆಲಸಕ್ಕೆ ಹೊರಟಿದ್ದಳು. ಹೊರಡುವಾಗ, "ಗಂಜಿ ಒಲೆ ಮೇಲಿದೆ, ಆಟದಲ್ಲಿ ಮರೆತು ಸೀಯಿಸ್ಬೇಡ," ಅಂದಿದ್ದು ಇನ್ನೂ ಕಿವಿಯಲ್ಲಿತ್ತು. ಕಿಟಕಿಯ ಹೊರಗೆ ಹಿಮದ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ನವೆಂಬರಿನಲ್ಲಿ ಶವಪೆಟ್ಟಿಗೆಯ ಬಲಗಡೆಯ ಎರಡನೇ ಹಿಡಿ ಹಿಡಿದವನು ತಾನೇ ಅಲ್ಲವೇ, ಅದು ಅಂಗೈಗೆ ಎಷ್ಟು ತಣ್ಣಗಿತ್ತು ಎಂಬುದನ್ನು ಬೆರಳುಗಳು ತಾವಾಗಿಯೇ ನೆನೆದುಕೊಂಡವು.

ಯಂತ್ರದ ತಪ್ಪಿರಬೇಕು ಅಂದುಕೊಂಡ. ಎಲ್ಲೋ ದೂರದ ದೇಶದಲ್ಲಿ ಕೂತ ಲೆಕ್ಕದ ಯಂತ್ರ, ಮುಚ್ಚಿದ ಖಾತೆಯ ಹೆಸರನ್ನು ಇನ್ನೊಬ್ಬನಿಗೆ ಕೊಟ್ಟಿರಬಹುದು. ಹಾಗೆ ಕೊಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಮೊದಲ ಸುತ್ತು ಹೌಕಿ ಎಲೆ ಬಿಸಾಡಿತು. ಎರಡನೆಯದನ್ನೂ ಬಿಸಾಡಿತು. ಮೂರು, ನಾಲ್ಕು, ಹತ್ತು. ಮೇಜಿನ ಉಳಿದವರು ಬೆಳಗಿನ ಹುರುಪಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಇಬ್ಬರು ಆಗಲೇ ಎದ್ದೂ ಹೋಗಿದ್ದರು. ಹೌಕಿ ಮಾತ್ರ ತಳ ಹಿಡಿದು ಬಿದ್ದಿತ್ತು. "ಮೊದಲರ್ಧ ಗಂಟೆ ನೀನು ಅಲ್ಲಿಲ್ಲ ಅಂದ್ಕೊಂಡ್ಬಿಡು," ಎಂದು ರೇಯೊ ಹೇಳಿಕೊಟ್ಟಿದ್ದ. ಧಾನ್ಯದ ಉಗ್ರಾಣ ಬಾಗಿಲು ಹಾಕಿ ಇಬ್ಬರೂ ಒಂದೇ ದಿನ ಕೆಲಸ ಕಳೆದುಕೊಂಡು ಮನೆಗೆ ಬಂದ ವರ್ಷ ಅದು. "ಇದು ಇಸ್ಪೀಟಾಟ ಅಲ್ಲ ಕಣೋ, ಕಾಯೋ ಆಟ. ಒಂಬತ್ತು ಜನ ಕೂತ್ಕೋತಾರೆ, ಮೂವರಿಗೆ ಮಾತ್ರ ಬಹುಮಾನ. ನಾಲ್ಕನೆಯವನಿಗೂ ಒಂಬತ್ತನೆಯವನಿಗೂ ಏನೂ ವ್ಯತ್ಯಾಸ ಇಲ್ಲ. ಹತ್ತು ನಿಮಿಷಕ್ಕೊಂದ್ಸಲ ಕಡ್ಡಾಯ ಪಣ ಏರ್ತಾ ಹೋಗುತ್ತೆ. ಅದು ಏರಿ ಎಲ್ಲರ ಕುತ್ತಿಗೆಗೆ ಬಂದಾಗ, ಆವಾಗ ನಿನ್ ಎಲೆ ನೋಡ್ಬೇಡ, ಅವರ ಭಯ ನೋಡು. ಇದ್ದಬದ್ದದ್ದೆಲ್ಲಾ ಮುಂದಕ್ಕೆ ತಳ್ಳು. ನಾಲ್ಕನೆಯವನಾಗೋಕೆ ಯಾರಿಗೂ ಇಷ್ಟ ಇರಲ್ಲ, ಬಿಟ್ಕೊಡ್ತಾರೆ." ಅದನ್ನೆಲ್ಲ ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ, ಉಗ್ರಾಣದಲ್ಲಿ ಗೋಧಿಯ ತೇವ ಬರೆಯುತ್ತಿದ್ದ ಹಾಗೇ, ಗುಂಡಗಿನ ಅಕ್ಷರಗಳಲ್ಲಿ ಬರೆದಿಟ್ಟಿದ್ದ.

ಹದಿನೇಳನೆಯ ಸುತ್ತಿನಲ್ಲಿ ತೌನೋಗೆ ಒಂದು ವಿಷಯ ಹೊಳೆಯಿತು. ಬೇರೆಯವರ ಎದುರು ಹೌಕಿ ತಟ್ಟನೆ ಎಲೆ ಬಿಡುತ್ತದೆ ಅಥವಾ ಪಣ ಕಟ್ಟುತ್ತದೆ. ಆಟದಲ್ಲಿ ತಾನಿದ್ದಾಗ ಮಾತ್ರ ಅದರ ಹೆಸರಿನ ಸುತ್ತ ಸಮಯದ ಹಸಿರು ಪಟ್ಟಿ ಸವೆಯುತ್ತ, ಹಳದಿಯಾಗಿ, ಕೆಂಪಾಗಿ, ಇನ್ನೇನು ಮುಗಿಯಿತು ಅನ್ನುವಾಗ ಎಲೆ ಬೀಳುತ್ತದೆ. ಒಂದು ಸಲವಾದರೆ ಕಾಕತಾಳೀಯ. ಐದು ಸಲ ಹಾಗೇ ಆಯಿತು. ಆ ಪಟ್ಟಿ ಸವೆಯುವಾಗ ಯಾರೋ ಪರದೆಯ ಆಚೆಯಿಂದ ತನ್ನ ಮುಖವನ್ನೇ ನೋಡುತ್ತಿದ್ದಾರೆ ಎನ್ನಿಸಿ, ಅವನು ಎದ್ದುಹೋಗಿ ಒಲೆ ಆರಿಸಿ ಬಂದ. ಗಂಜಿ ತಳ ಹಿಡಿದಿತ್ತು.

ಅವತ್ತೂ ಹೀಗೇ ಪಟ್ಟಿ ಸವೆದಿತ್ತು. ನವೆಂಬರಿನ ಮಂಗಳವಾರ, ಇಬ್ಬರೂ ಬೇಕೆಂದು ಒಂದೇ ಮೇಜಿಗೆ ಕೂತವರಲ್ಲ, ಹಾಗೆ ಬಿದ್ದುಹೋಗಿತ್ತು. ಅದಕ್ಕೂ ರೇಯೋನದೇ ಒಂದು ನಿಯಮ. "ಒಂದೇ ಮೇಜಿಗೆ ಬಿದ್ವಾ, ಫೋನು ಮುಟ್ಟೋ ಹಾಗಿಲ್ಲ. ಆ ಕಡೆ ಕೂತಿರೋ ಏಳು ಜನಾನೂ ಮನುಷ್ಯರೇ. ಗೆಳೆಯರಿಬ್ಬರು ಸೇರ್ಕೊಂಡು ಅವರ ಜೇಬಿಗೆ ಕೈ ಹಾಕೋದು ಕಳ್ಳತನ." ಆರು ಜನ ಉಳಿದಿದ್ದಾಗ ತೌನೋನ ಬಳಿ ಬಿಲ್ಲೆ ಕರಗಿಹೋಗಿ, ಇನ್ನೆರಡು ಸುತ್ತಿಗೆ ಮುಗಿಯುವ ಹಾಗಿತ್ತು. ಎಲ್ಲರೂ ಎಲೆ ಬಿಟ್ಟು ಅವನ ಎದುರು ರೇಯೊ ಒಬ್ಬನೇ ಉಳಿದ. ತೌನೋನ ಕೈಯಲ್ಲಿ ಒಂಬತ್ತು ಮತ್ತು ಮೂರು, ಕಸ. ಎಲ್ಲವನ್ನೂ ಮುಂದಕ್ಕೆ ತಳ್ಳಿದ. ಪಟ್ಟಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಬಂತು. ರೇಯೊ ಎಲೆ ಬಿಟ್ಟ. ಗೆದ್ದೆನಲ್ಲ, ಗುರುವನ್ನೇ ಹೆದರಿಸಿದೆನಲ್ಲ ಎಂದು ತೌನೊ ಒಬ್ಬನೇ ಕುರ್ಚಿಯಲ್ಲಿ ತೊಡೆ ತಟ್ಟಿಕೊಂಡಿದ್ದ. ಆಮೇಲೆ ನೋಡಿದರೆ ಹೌಕಿ44 ಎಂಬ ಅಕ್ಷರಗಳು ಬೂದುಬಣ್ಣಕ್ಕೆ ತಿರುಗಿದ್ದವು. ಕೆಳಗೆ ಒಂದೇ ಪದ: ಗೈರು.

ಗೈರಾದವನ ಬಗ್ಗೆಯೂ ನೀಲಿ ನೋಟುಬುಕ್ಕಿನಲ್ಲಿ ಒಂದು ಪುಟವಿತ್ತು. ಎದ್ದುಹೋದವನ ಕುರ್ಚಿಯನ್ನು ಯಂತ್ರ ತೆಗೆಯುವುದಿಲ್ಲ. ಅವನಿಗೂ ಎಲೆ ಹಂಚುತ್ತದೆ, ಅವನ ಸರದಿಯ ಕಡ್ಡಾಯ ಪಣವನ್ನು ಅವನ ರಾಶಿಯಿಂದಲೇ ಕಟ್ಟುತ್ತದೆ, ಅವನ ಪರವಾಗಿ ಎಲೆಯನ್ನೂ ತಾನೇ ಬಿಸಾಡುತ್ತದೆ. ಬುದ್ಧಿವಂತನಾದವನು ಪ್ರತಿ ಸಲವೂ ಆ ಪಣವನ್ನು ಎತ್ತಿಕೊಳ್ಳಬೇಕು, ಬೇರೆಯವರು ಎತ್ತಿಕೊಳ್ಳುವ ಮುಂಚೆ. ತೌನೊ ಎತ್ತಿಕೊಂಡ. ಮೊದಲ ಸಲ, ಅವನ ಮನೆಯ ಲೈನು ಹೋಗಿರಬೇಕು ಅಂದುಕೊಂಡ. ಎರಡನೆಯ ಸಲ ಏನೂ ಅಂದುಕೊಳ್ಳಲಿಲ್ಲ. ಮೂರನೆಯ ಸಲ ಕೈ ಚಾಚಿದಾಗ ಅವನಿಗೆ ಗೊತ್ತಾಯಿತು. ರೇಯೋಗೆ ಏನೋ ಆಗಿದೆ ಎಂದು, ಸ್ಪಷ್ಟವಾಗಿ. ಎರಡು ವರ್ಷದಲ್ಲಿ ರೇಯೊ ಒಂದೇ ಒಂದು ಸುತ್ತು ಕೂಡ ತಪ್ಪಿಸಿಕೊಂಡವನಲ್ಲ. ಫೋನು ಬಲಗೈಯ ಪಕ್ಕದಲ್ಲೇ ಇತ್ತು. ಐದು ಬೀದಿಯಾಚೆ ಮನೆ. ಈ ಸುತ್ತು ಮುಗಿಯಲಿ, ಅಂದುಕೊಂಡ. ನಿಯಮವಿದೆಯಲ್ಲ, ಅಂದುಕೊಂಡ. ಆ ಬೆಳಗ್ಗೆ ನಿಯಮವನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದವನು ಊರಿನಲ್ಲಿ ಬೇರೊಬ್ಬನಿರಲಿಲ್ಲ. ಆಟ ಮುಗಿದಾಗ ತೌನೊ ಮೊದಲನೆಯವನು. ಇದ್ದ ರಾಶಿ ದೊಡ್ಡದಾದ್ದರಿಂದ, ಬರಿದೆ ಕರಗುತ್ತ ಕರಗುತ್ತ, ಹೌಕಿ ಮೂರನೆಯವನು. ಸತ್ತವನಿಗೆ ಬಹುಮಾನ ಬಂದಿತ್ತು. ರೇಯೋನ ಹೆಂಡತಿ ಹಿಲ್ಕ ಬೇಕರಿಯ ಕೆಲಸದಿಂದ ಮನೆಗೆ ಬಂದದ್ದು ಮುಕ್ಕಾಲು ಗಂಟೆ ಆದಮೇಲೆ. ಬಿದ್ದ ಅರ್ಧ ಗಂಟೆಯೊಳಗೆ ಯಾರಾದರೂ ನೋಡಿದ್ದಿದ್ದರೆ ಉಳಿಯುತ್ತಿದ್ದನೋ ಏನೋ ಎಂದು ಡಾಕ್ಟರು ಅವಳಿಗೆ ಹೇಳಿದ್ದನ್ನು, ಅವಳು ಅಂತ್ಯಕ್ರಿಯೆಯ ದಿನ, ಕಾಫಿ ಬಗ್ಗಿಸುತ್ತ, ತೌನೋಗೂ ಹೇಳಿದಳು. ತೌನೊ ಎರಡು ಚಮಚ ಸಕ್ಕರೆ ಹಾಕಿಕೊಂಡ.

ಉಗ್ರಾಣದಲ್ಲಿ ಧಾನ್ಯದ ಕಣಜಕ್ಕೆ ಒಬ್ಬ ಇಳಿದರೆ ಬಾಯಿಯ ಹತ್ತಿರ ಇನ್ನೊಬ್ಬ ಹಗ್ಗ ಹಿಡಿದು ನಿಲ್ಲಬೇಕಿತ್ತು. ಗೋಧಿ ನೀರಿನ ಹಾಗೆ, ಕಾಲ ಕೆಳಗೆ ಜಾರಿತೆಂದರೆ ಆಳು ಮುಳುಗಿಹೋಗುತ್ತಾನೆ. ಹನ್ನೆರಡು ವರ್ಷ ಇಳಿಯುವವನು ತೌನೊ, ಹಗ್ಗ ಹಿಡಿಯುವವನು ರೇಯೊ. ಎರಡೆರಡು ನಿಮಿಷಕ್ಕೆ ಮೇಲಿನಿಂದ, "ತೌನೋ?" ಎಂದು ಕೂಗುವನು. ಕೆಳಗಿನ ಧೂಳುಗತ್ತಲೆಯಿಂದ ಇವನು, "ಬದುಕಿದೀನೋ!" ಅನ್ನಬೇಕು. ಒಂದು ಸಲ ಇವನು ತಮಾಷೆಗೆಂದು ಉತ್ತರ ಕೊಡದೆ ಸುಮ್ಮನಿದ್ದ. ಎರಡನೇ ಸಲ ಕೂಗಲೇ ಇಲ್ಲ ರೇಯೊ. ಪಕ್ಕೆಲುಬು ಮುರಿಯುವ ಹಾಗೆ ಎಳೆದುಬಿಟ್ಟ. ಮೇಲೆ ಬಂದಮೇಲೆ ಕಪಾಳಕ್ಕೆ ಹೊಡೆದು, "ಯೋಚ್ನೆ ಮಾಡೋಕೆ ನಿಂತ್ರೆ ಹೆಣ ಎಳೀಬೇಕಾಗುತ್ತೆ," ಅಂದಿದ್ದ.

ನಾಲ್ವರು ಉಳಿದಿದ್ದರು. ಗುರುತಿಲ್ಲದ ಇಬ್ಬರು, ತೌನೊ, ಹೌಕಿ. ಎಲ್ಲರೂ ಎಲೆ ಬಿಟ್ಟು ಎದುರಿಗೆ ಅದೊಂದೇ ಉಳಿದಾಗ, ತನಗೇ ಯಾಕೆಂದು ಗೊತ್ತಾಗದೆ, ತೌನೊ ಇದ್ದದ್ದೆಲ್ಲವನ್ನೂ ಮುಂದಕ್ಕೆ ತಳ್ಳಿದ. ಪಟ್ಟಿ ಹಳದಿಯಾಯಿತು. ಕೆಂಪಾಯಿತು. ಈ ಸಲ ಕೊನೆಯ ಕ್ಷಣದಲ್ಲಿ ಎಲೆ ಬೀಳಲಿಲ್ಲ. ಪಟ್ಟಿ ಪೂರ್ತಿ ಮುಗಿದು, ಹೆಸರು ಬೂದಿಯ ಬಣ್ಣಕ್ಕೆ ತಿರುಗಿತು. ಗೈರು. ಏನು ಮಾಡಬೇಕೆಂಬ ಪಾಠ ಮೈಗೆ ಹತ್ತಿತ್ತು: ಅದರ ರಾಶಿ ಎಲ್ಲಕ್ಕಿಂತ ಚಿಕ್ಕದು, ಕೆಲವೇ ಸುತ್ತಿಗೆ ಬರಿದಾಗುತ್ತದೆ, ನಾಲ್ಕನೆಯದು ಅದೇ ಆಗುತ್ತದೆ, ಸುಮ್ಮನೆ ಎಲೆ ಬಿಡುತ್ತ ಕೂತರೆ ಸಾಕು. ಅವನ ಕೈ ಒಂದು ಸಲ ಎಲೆ ಬಿಟ್ಟಿತು. ಇನ್ನೊಂದು ಸಲ ಬಿಟ್ಟಿತು. ಆಗ ತನ್ನ ಕೈಯನ್ನು ತಾನೇ ಬೇರೆಯವರದ್ದೆಂಬಂತೆ ನೋಡಿ, ಅದು ಎಷ್ಟು ನಿಶ್ಚಿಂತೆಯಿಂದ ಮಾಡುತ್ತಿದೆ ಎಂದು ಕಂಡು, ತೌನೊ ಅದನ್ನು ಹಿಂದಕ್ಕೆ ಎಳೆದುಕೊಂಡ. ಫೋನು ಎತ್ತಿಕೊಂಡ. ನಾಲ್ಕು ತಿಂಗಳಿನಿಂದ ಒತ್ತದ, ರೇಯೋನ ಮನೆಯ ಅಂಕಿಗಳು ಬೆರಳಿಗೆ ನೆನಪಿದ್ದವು. ಆ ಕಡೆ ಗಂಟೆ ಬಡಿಯಿತು, ಬಡಿಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಈ ಕಡೆ ಪರದೆಯಲ್ಲಿ ಯಂತ್ರ ಹೌಕಿಯ ಪಣ ಕಟ್ಟುತ್ತಿತ್ತು.

ಕೋಟು ಹಾಕಿಕೊಂಡದ್ದು ನೆನಪಿತ್ತು, ಬೂಟು ಹಾಕಿಕೊಂಡಿಲ್ಲದ್ದು ಎರಡನೇ ಬೀದಿಯಲ್ಲಿ ಗೊತ್ತಾಯಿತು. ಮನೆಯ ಚಪ್ಪಲಿಯೊಳಕ್ಕೆ ಹಿಮ ನುಗ್ಗಿ ಕಾಲ್ಚೀಲ ಒದ್ದೆಯಾಯಿತು. ಅರವತ್ತೊಂದು ವರ್ಷದ ಗಂಡಸು ಹಾಡುಹಗಲಲ್ಲಿ ಜಾರುತ್ತ ಏಳುತ್ತ ಓಡುವುದನ್ನು ಕಂಡು, ಹಿಮ ಗೋರುತ್ತಿದ್ದ ಯಾರೋ, "ಎಲ್ಲಾದ್ರೂ ಬೆಂಕಿ ಬಿತ್ತಾ ತೌನೊ?" ಎಂದು ಕೂಗಿದರು. ಅವನ ತಲೆಯಲ್ಲಿ ಒಂದೇ ಚಿತ್ರವಿತ್ತು: ಹಿಲ್ಕ, ಗಂಡ ಬಿದ್ದ ಜಾಗದಲ್ಲೇ, ಅವನು ಬಿದ್ದಿದ್ದ ಹಾಗೇ ಕುರ್ಚಿಯಿಂದ ಎಡಗಡೆಗೆ ವಾಲಿ, ಕೆನ್ನೆ ನೆಲಕ್ಕೆ ತಾಗಿಸಿ ಬಿದ್ದಿದ್ದಾಳೆ. ಆ ನೆಲವನ್ನು ಅವನು ನೋಡಿರಲಿಲ್ಲ. ನಾಲ್ಕು ತಿಂಗಳು ಪ್ರತಿದಿನವೂ ನೋಡಿದ್ದ.

ಹಿಂದಿನ ಬಾಗಿಲಿಗೆ ಚಿಲಕವಿರಲಿಲ್ಲ. ಅಡುಗೆಮನೆ ದಾಟಿ, ಪಡಸಾಲೆ ದಾಟಿ, ಮೂಲೆಯ ಕೋಣೆಯ ಬಾಗಿಲು ತಳ್ಳಿದರೆ, ಹಿಲ್ಕ ರೇಯೋನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮೈಮೇಲೆ ಹೊರಗೆ ಹೋಗುವ ಕೋಟು. ಮುಂದೆ ಪರದೆ, ತೊಡೆಯ ಮೇಲೆ ಗಂಡನ ಕೈಗಡಿಯಾರ. ಅವಳು ತಿರುಗಿ ನೋಡಲಿಲ್ಲ.

"ಹನ್ನೊಂದು ನಿಮಿಷ," ಅಂದಳು.

ತೌನೊ ಬಾಗಿಲ ಚೌಕಟ್ಟು ಹಿಡಿದುಕೊಂಡ. ಉಸಿರು ಸಿಗಲಿಲ್ಲ. "ನಿನಗೇನೂ... ಏನೂ ಆಗಿಲ್ವಾ?"

"ನನಗೇನಾಗುತ್ತೆ. ಹಿಂದಿನ ಬಾಗಿಲು ಹಾಕ್ದೆ ಬಂದೆ ಅನ್ಸುತ್ತೆ, ಚಳಿ ಬರ್ತಿದೆ."

ಅವನು ಹೋಗಿ ಬಾಗಿಲು ಹಾಕಿ ಬಂದ. ಹೇಳಿದ ಹಾಗೆ ಕೇಳುವುದು ಎಷ್ಟು ಸುಲಭವಾಗಿತ್ತೆಂದರೆ, ಅವಳು ಇನ್ನೂ ಏನಾದರೂ ಹೇಳಲಿ, ಸೌದೆ ಒಡಿ ಅನ್ನಲಿ, ಹಿಮ ಗೋರು ಅನ್ನಲಿ ಎಂದು ಆಸೆಯಾಯಿತು.

"ಫೋನ್ ಮಾಡ್ದೆ," ಅಂದ.

"ಕೇಳಿಸ್ತು. ಎರಡು ಸಲ ಮಾಡ್ದೆ." ಈಗ ಅವಳು ಕುರ್ಚಿ ತಿರುಗಿಸಿದಳು. ಸಪೂರ ಮುಖ, ಬೇಕರಿಯ ಬಿಸಿಗೆ ಸದಾ ಕೆಂಪಾಗಿರುತ್ತಿದ್ದ ಕೆನ್ನೆ ಈ ಚಳಿಗಾಲದಲ್ಲಿ ಬಿಳಿಚಿತ್ತು. "ಅವತ್ತು ಒಂದ್ಸಲಾನೂ ಬಂದಿರ್ಲಿಲ್ಲ. ಯಾರು ಮಾಡಿದ್ರು ಅಂತ ಫೋನು ನೆನಪಿಟ್ಕೊಳ್ಳುತ್ತೆ. ಅವತ್ತಿನ ದಿನ ಖಾಲಿ."

"ಒಂದೇ ಮೇಜಲ್ಲಿದ್ರೆ ಫೋನು ಮುಟ್ಬಾರ್ದು ಅಂತ..."

"ಗೊತ್ತು. ಅವನ ನೋಟುಬುಕ್ಕಲ್ಲಿದೆ. ಇಡೀ ಚಳಿಗಾಲ ಅದನ್ನೇ ಓದ್ಕೊಂಡು ಆಟ ಕಲಿತೆ ನಾನು, ನಿನಗೇನು ಗೊತ್ತು? ಮೊದ್ಲು ಪುಕ್ಕಟೆ ಮೇಜಲ್ಲಿ, ಆಮೇಲೆ ಅವನ ಹೆಸರಲ್ಲಿ." ಅವಳು ಗಡಿಯಾರವನ್ನು ಮೇಜಿನ ಮೇಲಿಟ್ಟಳು. "ನಿಯಮ ಅವನದು ತೌನೊ. ಮಾಡದೇ ಇದ್ದದ್ದು ನೀನು, ಅದನ್ನ ಸತ್ತವನ ತಲೆಗೆ ಕಟ್ಬೇಡ."

ಅವನು ತಲೆ ತಗ್ಗಿಸಿದ. ಕಾಲ್ಚೀಲದ ನೀರು ಚಾಪೆಯ ಮೇಲೆ ಎರಡು ಕಪ್ಪು ಕಲೆ ಮಾಡಿತ್ತು. ತನ್ನ ಎದುರು ಮಾತ್ರ ಪಟ್ಟಿ ಯಾಕೆ ಅಷ್ಟು ಸವೆಯುತ್ತಿತ್ತು ಎಂದು ಕೇಳಬೇಕೆನಿಸಿತು. ಕೇಳದಿದ್ದರೂ ಅವಳು ಹೇಳಿದಳು. "ನೀನು ಆಟದಲ್ಲಿದ್ದಾಗ ಒಂದಕ್ಕೆರಡು ಸಲ ನೋಡ್ಕೊಂಡು ಒತ್ತುತ್ತಿದ್ದೆ. ಎಲ್ಲಿ ತಪ್ಪು ಒತ್ತಿ, ಬೇಗ ಹೊರಗೆ ಹೋಗ್ಬಿಡ್ತೀನೋ ಅಂತ. ನಾಲ್ಕು ಜನ ಆಗೋವರ್ಗೂ ಉಳೀಬೇಕಿತ್ತು. ಆಮೇಲೆ ಕೈ ತೆಗೆದುಬಿಟ್ಟು, ಗಡಿಯಾರ ನೋಡ್ಕೊಂಡು ಕೂತೆ. ಎಷ್ಟು ಹೊತ್ತಿಗೆ ಬರ್ತಾನೆ, ಬರ್ತಾನೋ ಇಲ್ವೋ ನೋಡೋಣ ಅಂತ." ಮೇಜಿನ ಮೇಲಿದ್ದ ಗಡಿಯಾರವನ್ನು ಬೋರಲು ಹಾಕಿದಳು. "ಬಂದೆ. ಅಂದ್ರೆ ದಾರಿ ಗೊತ್ತಿತ್ತು ನಿಂಗೆ."

ಮೂರನೆಯ ಸಲಕ್ಕೇ ಗೊತ್ತಾಗಿತ್ತು ನನಗೆ ಎಂದು ಹೇಳಿಬಿಡಬೇಕೆಂದು ನಾಲ್ಕು ತಿಂಗಳಿನಿಂದ ಕಾದಿದ್ದ ಮಾತು ಈಗ ತಾನಾಗಿಯೇ ಹೊರಗೆ ಬಂತು. ಬಂದಮೇಲೆ ಅದು ಬಹಳ ಚಿಕ್ಕದಾಗಿ ಕಂಡಿತು. ಹಿಲ್ಕ ಅದನ್ನು ಕೇಳಿಸಿಕೊಂಡಳು, ಅಷ್ಟೇ. ಮೇಜಿನ ಕೆಳಗಿನ ಡ್ರಾಯರಿನಿಂದ ಕಾಗದದ ಒಂದು ಕಟ್ಟು ತೆಗೆದು ಅವನ ಕೈಗೆ ಕೊಟ್ಟಳು. ಆ ನವೆಂಬರಿನ ಆಟ. ಒಂದೊಂದು ಸುತ್ತು, ಯಾರು ಏನು ಕಟ್ಟಿದರು, ಯಾರು ಏನು ಬಿಟ್ಟರು, ಯಾವ ಗಂಟೆ ಯಾವ ನಿಮಿಷ, ಎಲ್ಲವನ್ನೂ ರೇಯೋನ ಯಂತ್ರ ತನ್ನಷ್ಟಕ್ಕೆ ಬರೆದಿಟ್ಟುಕೊಂಡಿತ್ತು. ಹಿಲ್ಕ ಅದನ್ನು ಅಚ್ಚು ಹಾಕಿಸಿದ್ದಳು.

"ನಾನು ಓದ್ಕೊಂಡಿದೀನಿ. ಆದ್ರೆ ತಪ್ಪು ಓದಿರ್ಬಹುದು. ಯಾವ್ದು ಅವನು ಆಡಿದ್ದು, ಯಾವ್ದು ಯಂತ್ರ ಆಡಿದ್ದು ಅಂತ ನೀನು ಹೇಳು. ಕೂತ್ಕೊ. ಗಟ್ಟಿಯಾಗಿ ಓದು."

ಅವನು ಮಂಚದ ಅಂಚಿಗೆ ಕೂತ. ಮೂವತ್ತನೆಯ ಸುತ್ತು, ಹತ್ತು ಐವತ್ತೊಂದು. "ಹೌಕಿ ಪಣ ಏರಿಸಿದ. ಎಲ್ಲಾರೂ ಬಿಟ್ರು. ಅವನ ಕೈಯಲ್ಲಿ ಎಕ್ಕ, ಹತ್ತು. ಇದು... ಇದು ಅವನೇ ಆಡಿದ್ದು. ಎರಡೇ ಸೆಕೆಂಡಿನಲ್ಲಿ." ಹಿಲ್ಕ ತಲೆ ಆಡಿಸಿದಳು. ಪುಟ ಮಗುಚಿದ. ಮೂವತ್ತೊಂದನೆಯ ಸುತ್ತು, ಹತ್ತು ಐವತ್ತೆರಡು. ಟಾಮ್_ಕೆ ಎಂಬ ತನ್ನ ಆಟದ ಹೆಸರು, ಇದ್ದದ್ದೆಲ್ಲವನ್ನೂ ಮುಂದಕ್ಕೆ ತಳ್ಳಿದ್ದು. ಅದರ ಮೇಲಿನ ಸಾಲಿನಲ್ಲಿ ರೇಯೋಗೆ ಹಂಚಿದ ಎಲೆಗಳಿದ್ದವು. ಅವನ್ನು ತೌನೊ ಅವತ್ತು ನೋಡುವ ಹಾಗಿರಲಿಲ್ಲ, ಇವತ್ತು ಮೊದಲ ಸಲ ನೋಡುತ್ತಿದ್ದ. ಆಟೀನಿನ ರಾಜ, ಕಳಾವರದ ರಾಜ. ಅಂಥ ಕೈ ಹಿಡಿದು ರೇಯೊ ಮಾತ್ರವಲ್ಲ, ನಿನ್ನೆ ಕಲಿತವನೂ ಬಿಡುವುದಿಲ್ಲ. ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದ, ತೌನೋನ ಒಂಬತ್ತು-ಮೂರು ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು, ತಾನು ಬೈದುಕೊಂಡು ಎದ್ದು ಗಂಜಿ ಕುಡಿಯುತ್ತಿದ್ದ. ಕೆಳಗಿನ ಸಾಲು: ಹೌಕಿ44, ಸಮಯ ಮೀರಿತು. ಎಲೆ ಬಿಡಲಾಗಿದೆ. ಗುರುವನ್ನು ಹೆದರಿಸಿದೆನೆಂದು ತಾನು ತೊಡೆ ತಟ್ಟಿಕೊಂಡ ಗಳಿಗೆ ಅದು.

ಸುಳ್ಳು ಹೇಳಬಹುದಿತ್ತು. ಇದೂ ಅವನೇ ಬಿಟ್ಟದ್ದು, ನನ್ನ ಮೇಲೆ ಕರುಣೆಯಿಂದ ಬಿಟ್ಟ ಅನ್ನಬಹುದಿತ್ತು. ಅವಳು ನಂಬುತ್ತಿದ್ದಳೋ ಏನೋ. "ಇದು ಯಂತ್ರ," ಅಂದ ತೌನೊ. "ಇಲ್ಲಿಂದ ಯಂತ್ರ. ಇದಕ್ಕೆ ಮುಂಚಿನದೇ ಅವನ ಕೊನೇದು."

"ನಾನೂ ಹಾಗೇ ಓದಿದ್ದೆ," ಅಂದಳು ಹಿಲ್ಕ. ಕಿಟಕಿಯ ಕಡೆ ನೋಡಿದಳು. "ಆ ಎರಡು ರಾಜ ಅವನ ಕಣ್ಣಿಗೆ ಬಿದ್ದಿತ್ತಾ?"

"ಗೊತ್ತಿಲ್ಲ."

"ಬಿದ್ದಿದ್ರೆ ಖುಷಿ ಪಡ್ತಿದ್ದ."

"ಹೌದು."

"ಓದು, ಮುಂದೆ."

"ಹಿಲ್ಕಾ, ಸಾಕು. ಇಲ್ಲಿಂದ ಎಲ್ಲಾ ಒಂದೇ ಥರ."

"ಒಂದೇ ಥರಾನೇ ಇರ್ಲಿ. ನಲವತ್ತೊಂದು ನಿಮಿಷ ಅವನ್ ಜೊತೆ ಇದ್ದೋನು ನೀನೊಬ್ನೇ."

ಅವನು ಓದಿದ. ಮೂವತ್ತೆರಡು: ಹೌಕಿ ಗೈರು. ಮೂವತ್ತಾರು: ಹೌಕಿ ಗೈರು, ಪಣ ನೂರು, ಟಾಮ್ ಕೆ ಎತ್ತಿಕೊಂಡ. ತನ್ನ ಹೆಸರು ತನ್ನ ಬಾಯಲ್ಲೇ ಪರಕೀಯವಾಗಿ, ಊರಿಗೆ ಹೊಸಬನಾದ ಯಾವನದೋ ಎಂಬಂತೆ ಕೇಳಿಸಿತು. ನಲವತ್ತೆರಡು: ಟಾಮ್ ಕೆ ಎತ್ತಿಕೊಂಡ. ನಲವತ್ತೆಂಟು: ಟಾಮ್ ಕೆ. ಬಿಸಿಲು ಚಾಪೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯಿತು. ಪ್ರತಿ ಸುತ್ತಿಗೂ ಹಿಲ್ಕ ಅರ್ಥವಾಯಿತು ಎಂಬಂತೆ ತುಟಿ ಅಲುಗಿಸುತ್ತಿದ್ದಳು. ಐವತ್ಮೂರನೆಯ ಸುತ್ತಿಗೆ ಬಂದಾಗ ತೌನೊ ಒಂದು ಸಾಲನ್ನು ಬಿಟ್ಟು ಕೆಳಗಿನ ಸಾಲಿಗೆ ಹೋದ.

"ಒಂದು ಬಿಟ್ಟೆ."

"ಅದು ಆಟದ್ದಲ್ಲ."

"ಅದನ್ನೂ ಓದು."

ಮೇಜಿನಲ್ಲಿದ್ದವರೆಲ್ಲ ನೋಡುವ ಹಾಗೆ ಏನಾದರೂ ಬರೆಯಲು ಪರದೆಯ ಮೂಲೆಯಲ್ಲಿ ಒಂದು ಜಾಗವಿತ್ತು. ಅಲ್ಲಿ ಬರೆದದ್ದನ್ನೂ ಯಂತ್ರ ಗಂಟೆ ನಿಮಿಷ ಹಾಕಿ ಉಳಿಸಿಕೊಂಡಿತ್ತು. ಹನ್ನೊಂದು ಹದಿನಾಲ್ಕು. ತೌನೊ ಡಾಕ್ಟರಿಗೂ, ಡೊರೀನ್‌ಗೂ, ಪಾದ್ರಿಗೂ, ಒಂಟಿಯಾಗಿದ್ದಾಗ ತನಗೂ ಹೇಳಿಕೊಂಡಿರದ ಸಾಲು. ಕೆಮ್ಮಿದ. ಅವಳು ಕಾದಳು.

"ಟಾಮ್ ಕೆ ಹೇಳಿದ್ದು," ಎಂದು ಓದಿದ. "ಏನೋ ಮುದುಕಾ, ಸತ್ತೋದ್ಯಾ? ಇನ್ನೊಬ್ಬ ಹೋಗೋವರ್ಗೂ ತಡ್ಕೊ."

ಆಮೇಲೆ ಹಿಲ್ಕಳ ಮೂಗಿನಿಂದ ಒಂದು ಸ್ವರ ಹೊರಟಿತು. ಅಳು ಎಂದುಕೊಂಡು ತೌನೊ ತಲೆ ಎತ್ತಿದರೆ, ಅವಳು ನಗುತ್ತಿದ್ದಳು. ಬಾಯಿ ಮುಚ್ಚಿಕೊಂಡು, ಭುಜ ಕುಣಿಸಿಕೊಂಡು, ತಡೆಯಲಾರದೆ, ಆ ಮಾತಿಗೆ ಎಷ್ಟು ನಗಬೇಕೋ ಅಷ್ಟೂ ನಕ್ಕಳು. ಬೆರಳಿನಿಂದ ಕಣ್ಣು ಒರೆಸಿಕೊಂಡಳು.

"ಅವನು ಕೇಳಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ದ," ಅಂದಳು.

ಅವನೂ ನಗಬೇಕೆಂದು ನೋಡಿದ. ಮುಖ ಕೇಳಲಿಲ್ಲ. ಅವಳು ನಗು ನಿಲ್ಲಿಸಿ, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಕುರ್ಚಿಯ ಬೆನ್ನಿಗೆ ಹಾಕಿ, ಮತ್ತೆ ನೆಟ್ಟಗೆ ಕೂತಳು.

"ಐವತ್ನಾಲ್ಕು," ಅಂದಳು. "ಓದು."